ಪೆನ್ಸಿಲ್‌ನಲ್ಲಿ ಅಜ್ಜಿಯ ಮುಖ: ಫೋಟೊದಂಥ ಚಿತ್ರ ಬಿಡಿಸುವ ಸಮಗ್ರ ಮಾರ್ಗದರ್ಶಿ

ಫೋಟೊನೋ ಚಿತ್ರನೋ ಅಂತ ನೋಡುವವರು ಹತ್ತಿರ ಬಂದು ದಿಟ್ಟಿಸಬೇಕು. ಅಂಥ ಪೆನ್ಸಿಲ್ ಚಿತ್ರ ಬಿಡಿಸಲು ಕಲಾಶಾಲೆಯಲ್ಲಿ ಓದಿರಲೇಬೇಕು ಅಂತೇನಿಲ್ಲ. ನಾನು ಓದಿಲ್ಲ. ಹಾಸನದಲ್ಲಿ ಹಗಲೆಲ್ಲ ಬೇರೆ ಕೆಲಸ, ರಾತ್ರಿ ಊಟ ಆದಮೇಲೆ ಪೆನ್ಸಿಲ್. ಹಾಗೇ ಕಲಿತದ್ದು. ಇಲ್ಲಿ ಒಂದೇ ಒಂದು ಚಿತ್ರವನ್ನು ಶುರುವಿನಿಂದ ಕೊನೆವರೆಗೆ ಬಿಡಿಸೋಣ: ಎ3 ಹಾಳೆಯ ಮೇಲೆ ಒಬ್ಬ ಅಜ್ಜಿಯ ಮುಖ. ಅಜ್ಜಿಯೇ ಯಾಕೆ ಅಂದರೆ ಸುಕ್ಕು, ಬಿಳಿ ಕೂದಲು, ಮೂಗುಬೊಟ್ಟು, ಹತ್ತಿ ಸೀರೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಎಳೆ ಮಕ್ಕಳ ಕೆನ್ನೆ ಇದಕ್ಕಿಂತ ಕಷ್ಟ. ಆ ನಯದ ಮೇಲೆ ಶೇಡಿಂಗ್ ಒಂಚೂರು ಏರುಪೇರಾದರೂ ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ಚಿತ್ರಕ್ಕೆ ಜೀವ ಬರುವುದು ಕಪ್ಪು ಬಿಳುಪಿನ ಅಳತೆ ಸರಿ ಇದ್ದಾಗ. ಎಲ್ಲಿ ಎಷ್ಟು ಗಾಢ, ಎಲ್ಲಿ ಎಷ್ಟು ತಿಳಿ ಅನ್ನುವುದು ಕೂಡಿಬಂದರೆ ಹತ್ತು ರೆಪ್ಪೆಕೂದಲು ಬಿಟ್ಟುಹೋದರೂ ಮುಖ ನಿಜ ಅನ್ನಿಸುತ್ತದೆ. ಅದು ತಪ್ಪಿದರೆ ಎಷ್ಟು ಸುಕ್ಕು ಬಿಡಿಸಿದರೂ ಮುಖ ಕಾಗದದಿಂದ ಮೇಲೇಳುವುದಿಲ್ಲ. ಈ ಗಾಢ ತಿಳಿಯ ಅಳತೆಗೆ ಟೋನ್ ಅನ್ನುತ್ತಾರೆ. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಟೋನ್ ಸರಿಮಾಡಿಕೊಳ್ಳುವ ದಾರಿಗಳೇ.

ಸಾಮಾನು

ಪೆನ್ಸಿಲ್ ಒಳಗಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಪುಡಿ ಮಾಡಿದ ಗ್ರಾಫೈಟನ್ನು ಜೇಡಿಮಣ್ಣಿನ ಜೊತೆ ಕಲಸಿ ಸುಡುವ ಕ್ರಮಕ್ಕೆ 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿ ಇದ್ದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅದು ಎಚ್ ಸಾಲು. ಗ್ರಾಫೈಟ್ ಜಾಸ್ತಿ ಇದ್ದರೆ ಕಡ್ಡಿ ಮೆದು, ಗೆರೆ ಗಾಢ. ಅದು ಬಿ ಸಾಲು. ಅಂಗಡಿಯಲ್ಲಿ ಇಪ್ಪತ್ತು ಪೆನ್ಸಿಲ್‌ನ ಡಬ್ಬಿ ಆಸೆ ಹುಟ್ಟಿಸುತ್ತದೆ. ಬೇಡ. 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ ಐದು ಸಾಕು. ಅಪ್ಸರಾ, ಕ್ಯಾಮ್ಲಿನ್‌ನಿಂದಲೇ ಶುರು ಮಾಡಬಹುದು. ಕೈ ಕುದುರಿದ ಮೇಲೆ ಸ್ಟೆಡ್ಲರ್ ಅಥವಾ ಫೇಬರ್ ಕ್ಯಾಸೆಲ್‌ಗೆ ಹೋದರೆ ಕಡ್ಡಿಯ ನಯ ಗೊತ್ತಾಗುತ್ತದೆ. ಕೂದಲ ಎಳೆಗೆ 0.5 ಮಿಲಿಮೀಟರಿನ ಪೆನ್ ಪೆನ್ಸಿಲ್ ಒಂದಿರಲಿ.

ಇದರ ಜೊತೆ ಒಂದು ಚಾರ್ಕೋಲ್, ಅಂದರೆ ಇದ್ದಿಲಿನ ಪೆನ್ಸಿಲ್ ಬೇಕೇ ಬೇಕು. ಗ್ರಾಫೈಟ್ ಚಪ್ಪಟೆ ಪದರಗಳಿಂದಾದದ್ದು. ಒತ್ತಿ ಬಳಿದಷ್ಟೂ ಆ ಪದರಗಳು ಕಾಗದದ ಮೇಲೆ ಮಲಗಿ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಹಾಗಾಗಿ 6ಬಿ ಎಷ್ಟು ಬಳಿದರೂ ಒಂದು ಹಂತದ ನಂತರ ಬೂದು ಹೊಳಪೇ ಬರುತ್ತದೆ, ಕಪ್ಪು ಬರುವುದಿಲ್ಲ. ಚಾರ್ಕೋಲ್ ಹೊಳೆಯುವುದಿಲ್ಲ. ಕಣ್ಣಿನ ಪಾಪೆ, ಮೂಗಿನ ಹೊಳ್ಳೆ, ಸೀರೆಯ ಮಡಿಕೆಯ ಆಳ ಇಷ್ಟಕ್ಕೆ ಮಾತ್ರ ಅದು. ಆದರೆ ಕ್ರಮ ಗಮನದಲ್ಲಿರಲಿ: ಗ್ರಾಫೈಟ್ ತಿಕ್ಕಿ ನಯವಾದ ಜಾಗದ ಮೇಲೆ ಚಾರ್ಕೋಲ್ ಹಿಡಿಯುವುದಿಲ್ಲ, ಜಾರುತ್ತದೆ. ಅತಿ ಕಪ್ಪು ಜಾಗಗಳಿಗೆ ಮೊದಲು ಚಾರ್ಕೋಲ್ ಹಾಕಿ, ಆಮೇಲೆ ಅದರ ಅಂಚಿಗೆ ಗ್ರಾಫೈಟ್ ತಂದು ಸೇರಿಸಿ.

ದುಡ್ಡು ಹಾಕುವುದಾದರೆ ಕಾಗದಕ್ಕೆ ಹಾಕಿ. ಶಾಲೆಯ ಡ್ರಾಯಿಂಗ್ ಶೀಟ್ ತರಿತರಿಯಾಗಿರುತ್ತದೆ. ಅದರ ಗುಳಿಗಳಲ್ಲಿ ಗ್ರಾಫೈಟ್ ಇಳಿಯದೆ ಚರ್ಮದ ಮೇಲೆಲ್ಲ ಬಿಳಿ ಚುಕ್ಕೆ ಉಳಿಯುತ್ತವೆ. ನಯವಾದ ಬ್ರಿಸ್ಟಲ್ ಕಾಗದ, 250ರಿಂದ 300 ಜಿಎಸ್‌ಎಂ ದಪ್ಪದ್ದು ತೆಗೆದುಕೊಳ್ಳಿ. ಬ್ರುಸ್ಟ್ರೊ, ಸ್ಟ್ರಾತ್‌ಮೋರ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ನಮ್ಮ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಹುಡುಕಿ ಸಮಯ ಕಳೆಯುವುದಕ್ಕಿಂತ ತರಿಸಿಕೊಳ್ಳುವುದೇ ವಾಸಿ.

ರಬ್ಬರ್ ಮೂರು ಬಗೆ: ಮಾಮೂಲಿ ಬಿಳಿ ರಬ್ಬರ್, ಕೈಯಲ್ಲಿ ನಾದಿ ಬೇಕಾದ ಆಕಾರ ಮಾಡಿಕೊಳ್ಳುವ ನೀಡಬಲ್ ರಬ್ಬರ್, ಪೆನ್ನಿನಂಥ ಸಣ್ಣ ಮೊನೆಯ ರಬ್ಬರ್. ಮೂರನೆಯದರಲ್ಲಿ ಟೊಂಬೊ ಮೊನೊ ಝೀರೊ ಚೆನ್ನಾಗಿದೆ. ಅದರ ದುಂಡು ಮೊನೆ 2.3 ಮಿಲಿಮೀಟರ್ ಅಷ್ಟೇ. ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದರೆ ಒಂದೊಂದು ಬಿಳಿ ಕೂದಲನ್ನೂ ಎಳೆಯಬಹುದು. ಇನ್ನು ಮೆಂಡರ್, ಮೃದುವಾದ ಒಂದು ಪೇಂಟ್ ಬ್ರಷ್, ಟಿಶ್ಯೂ, ಇಯರ್ ಬಡ್. ಇಷ್ಟೇ.

ಮುಖಕ್ಕೆ ಮೊದಲು ಕಲ್ಲು

ಈ ಹಂತವನ್ನು ಬೇರೆ ಊರಿನವರು ಬಿಟ್ಟುಬಿಡಬಹುದು. ಹಾಸನ, ಚಿಕ್ಕಮಗಳೂರಿನವರು ಬಿಡಬಾರದು. 1117ರ ಬೇಲೂರು ಚೆನ್ನಕೇಶವ ದೇವಸ್ಥಾನ, ಅದರ ಹಿಂದೆಯೇ ಎದ್ದ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವ ದೂರದಲ್ಲಿವೆ. 2023ರಲ್ಲಿ ಸೋಮನಾಥಪುರದ ಜೊತೆ ಎರಡೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿನ ಬಳಪದ ಕಲ್ಲು ಪೆನ್ಸಿಲ್ ಕಲಿಯುವವರಿಗೆ ಅಂತಲೇ ಇಟ್ಟಂತಿದೆ. ಬಣ್ಣ ಒಂದೇ, ಬೂದು. ಹಾಗಾಗಿ ಕಣ್ಣಿಗೆ ಟೋನ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೆತ್ತನೆ ತುಂಬಾ ಆಳ. ಹಾರದ ಹಿಂದೆ ಅಚ್ಚಗಪ್ಪು, ಅದರ ಪಕ್ಕದಲ್ಲೇ ಮಣಿಯ ಮೇಲೆ ಬೆಳಕು. ಮತ್ತೆ, ಕಲ್ಲು ಅಲ್ಲಾಡುವುದಿಲ್ಲ.

ಹಳೇಬೀಡಿನ ಹೊರಗೋಡೆಯ ಕೆಳಗಿನ ಸಾಲಿನ ಆನೆಗಳಿಂದ ಶುರು ಮಾಡಿ. ಅವು ಕೈಗೆ ಎಟುಕುವ ಎತ್ತರದಲ್ಲಿವೆ, ಆಕಾರ ಸರಳ. ಬೆಳಿಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಕೆತ್ತನೆಯ ಉಬ್ಬು ತಗ್ಗು ಎದ್ದು ಕಾಣುತ್ತದೆ. ಒಂದು ಆನೆಯ ತಲೆ ಮತ್ತು ಸೊಂಡಿಲು, ಅಂಗೈ ಅಗಲದಲ್ಲಿ, ಬರೀ ಶೇಡಿಂಗ್‌ನಲ್ಲಿ ಬಿಡಿಸಿ. ಹೊರಗೆರೆ ಎಳೆಯಬೇಡಿ. ಆನೆ ಮುಗಿಯುವುದು ಹಿಂದಿನ ನೆರಳು ಶುರುವಾಗುವಲ್ಲಿ. ಎರಡು ಟೋನ್ ಸೇರುವ ಜಾಗವೇ ಗೆರೆ. ಇದು ಕೈಗೆ ಬಂದರೆ ಮೂಗು ಬಿಡಿಸುವಾಗ ಅರ್ಧ ಕೆಲಸ ಮುಗಿದಂತೆ, ಯಾಕೆಂದರೆ ಮೂಗಿಗೂ ಹೊರಗೆರೆ ಇಲ್ಲ. ಆಮೇಲೆ ದೇವಸ್ಥಾನದ ಒಳಗಿನ ಹೊಳೆಯುವ ಕಂಬಗಳನ್ನು ನೋಡಿ. ನಯವಾದ ಮೈ ಮೇಲೆ ಬೆಳಕು ಹೇಗೆ ಉದ್ದಕ್ಕೆ ಎಳೆದುಕೊಂಡು ಬೀಳುತ್ತದೆ ಅನ್ನುವುದಕ್ಕೆ ಅವಕ್ಕಿಂತ ಒಳ್ಳೆ ಪಾಠ ಇಲ್ಲ.

ಫೋಟೊ ತೆಗೆಯುವುದು

ಸೋಶಿಯಲ್ ಮೀಡಿಯಾದಿಂದ ಇಳಿಸಿಕೊಂಡ ಅಪ್ಪು ಅವರ ಫೋಟೊ ಇಟ್ಟುಕೊಂಡು ಶುರು ಮಾಡುವವರು ತುಂಬಾ ಜನ. ಅಭಿಮಾನ ಸರಿ. ಆದರೆ ಆ ಫೋಟೊಗಳಲ್ಲಿ ಚರ್ಮದ ವಿವರ ಉಳಿದಿರುವುದಿಲ್ಲ, ಇಲ್ಲದ್ದನ್ನು ಬಿಡಿಸಲು ಆಗುವುದಿಲ್ಲ ಅಲ್ವಾ? ಮೊದಲ ಚಿತ್ರಕ್ಕೆ ಫೋಟೊ ನೀವೇ ತೆಗೆಯಿರಿ.

ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಕುರ್ಚಿ ಹಾಕಿ. ಫ್ಲ್ಯಾಶ್ ಬೇಡ, ಟ್ಯೂಬ್‌ಲೈಟ್ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಬೇಕು. ಆಗ ಮುಖದ ಒಂದು ಬದಿ ಬೆಳಗಿ, ಇನ್ನೊಂದು ಬದಿ ನೆರಳಾಗಿ, ಸುಕ್ಕುಗಳು ತಾವೇ ಎದ್ದು ನಿಲ್ಲುತ್ತವೆ. ಮೊಬೈಲಿನ ಬ್ಯೂಟಿ ಮೋಡ್ ತೆಗೆದುಹಾಕಿ, ಅದು ಸುಕ್ಕನ್ನೆಲ್ಲ ನುಣ್ಣಗೆ ಒರೆಸಿಬಿಡುತ್ತದೆ. ಮುಖದ ಹತ್ತಿರಕ್ಕೆ ಹೋಗಿ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಮುಖ ಬೇರೆಯವರದ್ದಾಗುತ್ತದೆ. ಐದಾರು ಅಡಿ ದೂರ ನಿಂತು 2 ಪಟ್ಟು ಝೂಮ್ ಮಾಡಿ, ಅಜ್ಜಿಯ ಕಣ್ಣಿನ ಎತ್ತರಕ್ಕೆ ಮೊಬೈಲ್ ಹಿಡಿಯಿರಿ. ಫೋಟೊ ಅಂದ ಕೂಡಲೇ ಅಜ್ಜಿಯರು ಬಿಗಿಯಾಗಿ ಕೂರುತ್ತಾರೆ. "ಅಜ್ಜಿ, ಈ ಸಲ ಮೆಣಸು ಎಷ್ಟು ಬಂತು ಹೇಳು" ಅಂತ ಏನಾದರೂ ಮಾತಿಗೆ ಎಳೆಯಿರಿ. ಮಾತು ನಿಲ್ಲಿಸಿದ ಗಳಿಗೆಯಲ್ಲಿ ಮುಖ ಸಡಿಲವಾಗಿರುತ್ತದೆ, ಆಗ ಒತ್ತಿ.

ಸ್ಟುಡಿಯೊಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. 5×7 ಇಂಚು, ಕಪ್ಪು ಬಿಳುಪು, ಮ್ಯಾಟ್ ಪ್ರಿಂಟ್. ಮುಖಕ್ಕೆ ಟಚಪ್ ಬೇಡ ಅಂತ ಹೇಳುವುದನ್ನು ಮರೆಯಬೇಡಿ. ಕಣ್ಣು, ಬಾಯಿ ಇಂಥ ಜಾಗಗಳನ್ನು ಮೊಬೈಲಿನಲ್ಲೇ ದೊಡ್ಡದು ಮಾಡಿ ನೋಡುತ್ತಾ ಬಿಡಿಸಬಹುದು.

ಟೋನ್ ಪಟ್ಟಿ ಮತ್ತು ತೂತಿನ ಕಾರ್ಡು

ನಮ್ಮ ಕಣ್ಣು ಟೋನ್ ವಿಷಯದಲ್ಲಿ ಸದಾ ಮೋಸ ಹೋಗುತ್ತದೆ. ಎಡ್ವರ್ಡ್ ಅಡೆಲ್ಸನ್ ಎಂಬ ವಿಜ್ಞಾನಿ 1995ರಲ್ಲಿ ಒಂದು ಚಿತ್ರ ಪ್ರಕಟಿಸಿದರು. ಚದುರಂಗದ ಮಣೆಯಂಥ ಹಲಗೆ, ಅದರ ಮೇಲೆ ಒಂದು ಕಂಬದ ನೆರಳು. ನೆರಳಿನ ಹೊರಗಿನ ಒಂದು ಕಪ್ಪು ಚೌಕ, ನೆರಳಿನ ಒಳಗಿನ ಒಂದು ಬಿಳಿ ಚೌಕ ಎರಡೂ ನಿಜವಾಗಿ ಒಂದೇ ಬೂದು. ಹೇಳಿದ ಮೇಲೂ ಕಣ್ಣು ಒಪ್ಪುವುದಿಲ್ಲ. ಅಜ್ಜಿಯ ಕಣ್ಣಿನ ಬಿಳಿಯಲ್ಲೂ ಇದೇ ನಡೆಯುತ್ತದೆ. ಅದು ಬಿಳಿ ಅಂತ ತಲೆಗೆ ಗೊತ್ತು. ಹಾಗಾಗಿ ಕೈ ಅದನ್ನು ಖಾಲಿ ಬಿಡುತ್ತದೆ. ಫೋಟೊದಲ್ಲಿ ನೋಡಿದರೆ ಮೇಲಿನ ರೆಪ್ಪೆಯ ನೆರಳು ಬಿದ್ದು ಅದು ಬೂದಾಗಿರುತ್ತದೆ, ಕೆಲವೊಮ್ಮೆ ಕೆನ್ನೆಗಿಂತಲೂ ಗಾಢವಾಗಿರುತ್ತದೆ.

ಇದಕ್ಕೆ ಎರಡು ಉಪಾಯ. ಮೊದಲನೆಯದು ಟೋನ್ ಪಟ್ಟಿ. ಚಿತ್ರ ಬಿಡಿಸುವ ಕಾಗದದ್ದೇ ಒಂದು ತುಂಡಿನಲ್ಲಿ ಒಂದು ಇಂಚಿನ 9 ಮನೆ ಮಾಡಿ. ಮೊದಲನೆಯದು ಖಾಲಿ ಕಾಗದ, ಒಂಬತ್ತನೆಯದು ಚಾರ್ಕೋಲ್ ಕಪ್ಪು. ನಡುವಿನ ಏಳನ್ನು ಸಮ ಹೆಜ್ಜೆಯಲ್ಲಿ ತುಂಬಿ. ಇದಕ್ಕೆ ಒಂದು ಸಂಜೆ ಪೂರ್ತಿ ಹಿಡಿದರೂ ಸರಿ. ಎರಡನೆಯದು ತೂತಿನ ಕಾರ್ಡು. ಹಳೆ ಲಗ್ನಪತ್ರಿಕೆ ಕತ್ತರಿಸಿ, ಬಿಳಿ ಭಾಗದಲ್ಲಿ ಪೇಪರ್ ಪಂಚ್‌ನಿಂದ ಎರಡು ತೂತು ಮಾಡಿ. ಒಂದು ತೂತನ್ನು ಫೋಟೊದ ಮೇಲೆ, ಇನ್ನೊಂದನ್ನು ಪಟ್ಟಿಯ ಮೇಲೆ ಇಟ್ಟು ನೋಡಿ. ಸುತ್ತಲಿನದ್ದೆಲ್ಲ ಮುಚ್ಚಿಹೋಗಿ ಬರೀ ಎರಡು ಬೂದು ಚುಕ್ಕೆ ಕಾಣುತ್ತವೆ. ಎರಡೂ ಒಂದೇನಾ? ಹಾಗಿದ್ದರೆ ಅದೇ ನಿಮಗೆ ಬೇಕಾದ ಟೋನ್. ನನಗೆ ಕೇಳಿದರೆ ಇಡೀ ಸಾಮಾನಿನಲ್ಲಿ ಅತಿ ಬೆಲೆಬಾಳುವುದು ಈ ಪುಕ್ಕಟೆ ಕಾರ್ಡು.

ಚೌಕ ಹಾಕಿ ಮುಖ ಕೂರಿಸುವುದು

ಫೋಟೊದ ಮೇಲೆ ಅರ್ಧ ಇಂಚಿನ ಚೌಕ, ಕಾಗದದ ಮೇಲೆ ಒಂದು ಇಂಚಿನ ಚೌಕ. 5×7ರ ಫೋಟೊ 10×14 ಇಂಚಿನ ಚಿತ್ರವಾಗುತ್ತದೆ, ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140 ಮನೆ. ಎ3 ಹಾಳೆಯಲ್ಲಿ ಸುತ್ತಲೂ ಜಾಗ ಉಳಿಯುತ್ತದೆ. ಇದಕ್ಕಿಂತ ಚಿಕ್ಕದಾಗಿ ಬಿಡಿಸಬೇಡಿ. ಪೆನ್ಸಿಲ್ ಮೊನೆಗೆ ಓಡಾಡಲು ಜಾಗ ಇರುವುದಿಲ್ಲ.

ಚೌಕ ಹಾಕುವುದು ಕಳ್ಳತನ ಅನ್ನುವವರಿದ್ದಾರೆ. ಅಮೆರಿಕದ ಚಕ್ ಕ್ಲೋಸ್ 1967-68ರಲ್ಲಿ ತಮ್ಮದೇ ಕಪ್ಪು ಬಿಳುಪು ಫೋಟೊಕ್ಕೆ ಚೌಕ ಹಾಕಿ ಸುಮಾರು 9 ಅಡಿ ಎತ್ತರದ ಮುಖ ಬಿಡಿಸಿದರು. ಫೋಟೊದಂತೆ ಬಿಡಿಸುವ ಕಲೆಯ ದೊಡ್ಡ ಹೆಸರುಗಳಲ್ಲಿ ಅವರೂ ಒಬ್ಬರು. ಅವರಿಗೆ ಮುಖಗಳ ಗುರುತು ಹಿಡಿಯಲಾಗದ ತೊಂದರೆ ಇತ್ತು. ಮುಖವನ್ನು ಮುಖ ಅಂತ ನೋಡದೆ, ಒಂದೊಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ನೋಡುವುದು ಚೌಕದ ಲಾಭ. ನಮಗೆ ಬೇಕಾದದ್ದೂ ಅದೇ.

ಕಾಗದದ ಚೌಕಗಳನ್ನು ಎಚ್‌ಬಿಯಲ್ಲಿ, ಕಂಡೂ ಕಾಣದಷ್ಟು ತಿಳಿಯಾಗಿ ಎಳೆಯಿರಿ. 4ಎಚ್ ತಿಳಿ ಅಂತ ಅದರಲ್ಲಿ ಎಳೆಯಬಾರದು. ಗಟ್ಟಿ ಮೊನೆ ಕಾಗದದಲ್ಲಿ ಗೀರು ಕೊರೆಯುತ್ತದೆ, ಆಮೇಲೆ ಶೇಡ್ ಮಾಡಿದಾಗ ಅಜ್ಜಿಯ ಕೆನ್ನೆಯ ಮೇಲೆ ಬಿಳಿ ಗೆರೆಯಾಗಿ ಏಳುತ್ತದೆ. ಫೋಟೊದ ಒಂದೊಂದು ಚೌಕದಲ್ಲಿರುವ ಗೆರೆಗಳನ್ನು ಕಾಗದದ ಅದೇ ಚೌಕಕ್ಕೆ ಇಳಿಸುತ್ತಾ ಹೋಗಿ. ಕಾಗದ ಕೂರಿಸಿದ ಬೋರ್ಡನ್ನು ಮೇಜಿನ ಮೇಲೆ ಮಲಗಿಸದೆ ಹಿಂದೆ ಪುಸ್ತಕ ಇಟ್ಟು ಎತ್ತರಿಸಿ. ಮಲಗಿಸಿ ಬಿಡಿಸಿದರೆ ಮೇಲಿನ ಭಾಗ ದೂರವಾಗಿ, ಹಣೆ ಉದ್ದವಾಗಿಬಿಡುತ್ತದೆ. ಗೆರೆಚಿತ್ರ ಮುಗಿದ ಮೇಲೆ ಫೋಟೊ, ಚಿತ್ರ ಎರಡನ್ನೂ ತಲೆಕೆಳಗು ಮಾಡಿ ಹೋಲಿಸಿ. ಒಂದು ಕಣ್ಣು ಮೇಲೆ ಹೋಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಸರಿ ಇದ್ದರೆ ಚೌಕಗಳನ್ನು ನೀಡಬಲ್ ರಬ್ಬರಿನಿಂದ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಕಣ್ಣಿನಿಂದ ಶುರು

ಪಾಪೆ ಮತ್ತು ಹೊಳ್ಳೆಯ ಕಪ್ಪನ್ನು ಚಾರ್ಕೋಲ್‌ನಲ್ಲಿ ಮೊದಲೇ ಹಾಕಿಬಿಡಿ. ಕಾಗದದ ಬಿಳಿ ಒಂದು ತುದಿ, ಈ ಕಪ್ಪು ಇನ್ನೊಂದು ತುದಿ. ಎರಡೂ ಕಣ್ಣ ಮುಂದಿದ್ದರೆ ನಡುವಿನ ಟೋನ್‌ಗಳನ್ನು ಅಂದಾಜು ಮಾಡುವುದು ಸುಲಭ. ಹೊಸಬರ ಚಿತ್ರಗಳು ಮಂಕಾಗಿ ಕಾಣುವುದಕ್ಕೆ ಮುಖ್ಯ ಕಾರಣ ಕಪ್ಪಿಗೆ ಹೆದರುವುದು. ಹೆದರಬೇಡಿ.

ಕಣ್ಣಿನ ಮಿಂಚು ಕಿಟಕಿಯ ಪ್ರತಿಬಿಂಬ. ಅದರ ಆಕಾರ ಕಿಟಕಿಯದ್ದೇ, ಸರಳುಗಳಿದ್ದರೆ ಸರಳೂ ಕಾಣುತ್ತವೆ. ಅಷ್ಟು ಜಾಗವನ್ನು ಕಾಗದದ ಬಿಳಿಯಾಗಿಯೇ ಉಳಿಸಿ. ಬಿಳಿ ಜೆಲ್ ಪೆನ್ನಿನ ಚುಕ್ಕೆ ಇಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಅದು ಮೇಲೆ ಅಂಟಿಸಿದಂತೆ ಕಾಣುತ್ತದೆ. ವಯಸ್ಸಾದವರ ಕಣ್ಣಿನ ಕರಿ ಭಾಗದ ಅಂಚಿನಲ್ಲಿ ಎಷ್ಟೋ ಸಲ ತಿಳಿ ಬೂದು ಉಂಗುರ ಇರುತ್ತದೆ. ಅದನ್ನು ಬಿಟ್ಟರೆ ಅಜ್ಜಿಗೆ ಹುಡುಗಿಯ ಕಣ್ಣು ಬರುತ್ತದೆ. ಕೆಳರೆಪ್ಪೆಯ ಒಳ ಅಂಚಿಗೆ ಒಂದು ದಪ್ಪ ಇದೆ, ಅದರ ಮೇಲೆ ಕಣ್ಣೀರಿನ ತೇವದ ಸಣ್ಣ ಬೆಳಕಿನ ಗೆರೆ ಇದೆ. ಈ ಕೂದಲೆಳೆಯಷ್ಟು ಬೆಳಕೇ ಕಣ್ಣನ್ನು ಒದ್ದೆ ಮಾಡುವುದು. ರೆಪ್ಪೆಕೂದಲು ಕೊನೆಗೆ. ಬುಡದಿಂದ ಬೀಸಿ ತುದಿಯಲ್ಲಿ ಕೈ ಎತ್ತಿ. ಅವು ಬಾಚಣಿಗೆಯ ಹಲ್ಲಿನಂತೆ ಸಾಲಾಗಿರುವುದಿಲ್ಲ. ಎರಡು ಮೂರು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಡ್ಡಾದಿಡ್ಡಿ ಇರುತ್ತವೆ. ಅಜ್ಜಿಯರಿಗಂತೂ ಕಡಿಮೆಯೇ.

ಚರ್ಮ: ಇಲ್ಲಿ ಆತುರ ಬೇಡ

ಬಲಗೈಯವರು ಎಡಮೇಲಿನಿಂದ ಕೆಳಗೆ ಬನ್ನಿ. ಅಂಗೈ ಕೆಳಗೆ ಸದಾ ಒಂದು ಕಾಗದ ಇರಲಿ, ಕೈಯ ಎಣ್ಣೆ ಅಂಟಿದ ಕಡೆ ಕಲೆಯಾಗುತ್ತದೆ. ಅದೇ ಕಾರಣಕ್ಕೆ ಬೆರಳಿನಿಂದ ಉಜ್ಜಬಾರದು. ಪುಡಿಯನ್ನು ಬಾಯಿಂದ ಊದಬಾರದು, ಬ್ರಷ್‌ನಿಂದ ಸರಿಸಬೇಕು.

2ಎಚ್ ಚೂಪು ಮಾಡಿ, ಪೆನ್ಸಿಲನ್ನು ಹಿಂದಕ್ಕೆ ಹಿಡಿದು, ಅದರ ತೂಕವೇ ಸಾಕು ಅನ್ನುವಷ್ಟು ಹಗುರವಾಗಿ ಸಣ್ಣ ಸಣ್ಣ ಸೊನ್ನೆ ಸುತ್ತುತ್ತಾ ಹೋಗಿ. ಸೊನ್ನೆಗಳು ಒಂದರ ಮೇಲೊಂದು ಬಂದು ಗೆರೆಯೇ ಕಾಣದ ಹೊದಿಕೆಯಾಗಬೇಕು. ಅತಿ ಬೆಳಕಿನ ಜಾಗ ಬಿಟ್ಟು ಇಡೀ ಕೆನ್ನೆಗೆ ಈ ಮೊದಲ ಪದರ. ಒಣ ಬ್ರಷ್‌ನಿಂದ ಹಗುರವಾಗಿ ಸವರಿ ಸಮ ಮಾಡಿ. ಅದರ ಮೇಲೆ ಎಚ್‌ಬಿ, ನೆರಳಿನ ಕಡೆ 2ಬಿ, ಆಳಕ್ಕೆ 4ಬಿ. ಗಾಢ ಬೇಕಾದರೆ ಒತ್ತಡ ಹೆಚ್ಚಿಸಬೇಡಿ, ಪದರ ಹೆಚ್ಚಿಸಿ. ಒತ್ತಿದರೆ ಕಾಗದದ ಮೈ ಮುಚ್ಚಿಹೋಗಿ ಮುಂದಿನ ಪದರ ಕೂರುವುದಿಲ್ಲ, ರಬ್ಬರಿಗೂ ಬರುವುದಿಲ್ಲ. ಟಿಶ್ಯೂವಿನಿಂದ ಉಜ್ಜುವುದನ್ನು ಮೊದಲ ಪದರಕ್ಕೇ ನಿಲ್ಲಿಸಿ. ಕೊನೆಯ ಪದರ ಪೆನ್ಸಿಲ್‌ನದ್ದೇ ಆಗಿರಬೇಕು. ಇಲ್ಲದಿದ್ದರೆ ಚರ್ಮ ಪ್ಲಾಸ್ಟಿಕ್ ಗೊಂಬೆಯದ್ದಾಗುತ್ತದೆ.

ಈಗ ಸುಕ್ಕು. ಸುಕ್ಕನ್ನು ಗೆರೆಯಾಗಿ ಎಳೆದರೆ ಕೆಲಸ ಕೆಟ್ಟಿತು. ಒಂದು ಸುಕ್ಕನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಗುಂಡಿಯ ತಳದಲ್ಲಿ ಗಾಢ. ಒಂದು ಬದಿಯಲ್ಲಿ ಆ ಗಾಢ ಥಟ್ಟನೆ ಮುಗಿದು ಬೆಳಕಿನ ಏಣು ಬರುತ್ತದೆ. ಇನ್ನೊಂದು ಬದಿಯಲ್ಲಿ ಅದು ನಿಧಾನಕ್ಕೆ ತಿಳಿಯಾಗುತ್ತಾ ಕೆನ್ನೆಯಲ್ಲಿ ಕರಗುತ್ತದೆ. ಅಂದರೆ ಒಂದು ಅಂಚು ಗಟ್ಟಿ, ಇನ್ನೊಂದು ಮೆದು. ಹಣೆಯಿಂದ ಕತ್ತಿನವರೆಗೆ ಪ್ರತಿ ಸುಕ್ಕಿನಲ್ಲೂ ಯಾವ ಬದಿ ಗಟ್ಟಿ ಅನ್ನುವುದನ್ನು ಕಿಟಕಿ ಯಾವ ಕಡೆ ಇತ್ತು ಅನ್ನುವುದೇ ತೀರ್ಮಾನಿಸುತ್ತದೆ. ಏಣಿನ ಬೆಳಕನ್ನು ಮೊನೆ ರಬ್ಬರಿನಿಂದ ಎತ್ತಿ, ಬೇಕಾದರೆ ಮೇಲೆ 2ಎಚ್ ಸವರಿ ಸ್ವಲ್ಪ ಇಳಿಸಿ. ಪೂರ್ತಿ ಬಿಳಿ ಬಿಟ್ಟರೆ ಚರ್ಮದ ಮೇಲೆ ದಾರ ಇಟ್ಟ ಹಾಗಿರುತ್ತದೆ.

ಮೂಗಿನ ಮೇಲಿನ ರಂಧ್ರಗಳನ್ನು ಚುಕ್ಕೆ ಇಟ್ಟು ಮಾಡಬೇಡಿ. ನೀಡಬಲ್ ರಬ್ಬರನ್ನು ಚೂಪು ಮಾಡಿ ಅಲ್ಲಲ್ಲಿ ಒತ್ತಿ, ಅದರ ಪಕ್ಕ ಎಚ್‌ಬಿಯಿಂದ ಸಣ್ಣ ನೆರಳು ಕೊಡಿ. ಬೆಳಕಿನಿಂದ ನೆರಳಿಗೆ ತಿರುಗುವ ಜಾಗದಲ್ಲಿ ಮಾತ್ರ ಇದು ಸ್ಪಷ್ಟ. ಗಾಢ ನೆರಳಿನಲ್ಲಿ ಬೇಡವೇ ಬೇಡ.

ಮೂಗುಬೊಟ್ಟು, ಕೂದಲು, ಸೀರೆ

ಮೂಗುಬೊಟ್ಟು ಸುಲಭ, ನೋಡುವವರು ಮೆಚ್ಚುವುದೂ ಅದನ್ನೇ. ಲೋಹದಲ್ಲಿ ಮೆದು ಅಂಚು ಕಡಿಮೆ. ಅತಿ ಕಪ್ಪಿನ ಪಕ್ಕದಲ್ಲೇ ಅತಿ ಬಿಳಿ. ಅದು ಮೂಗಿನ ಮೇಲೆ ಬೀಳಿಸುವ ಸಣ್ಣ ನೆರಳನ್ನು ಮರೆತರೆ ಮಾತ್ರ ಗಾಳಿಯಲ್ಲಿ ತೇಲುತ್ತದೆ.

ಬಿಳಿ ಕೂದಲಿಗೆ ಎರಡು ದಾರಿ ಸೇರಿಸಿ. ಶೇಡ್ ಮಾಡುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಒಂಟಿ ಕೂದಲುಗಳನ್ನು ಕಾಗದದಲ್ಲಿ ಕೊರೆಯಿರಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟರೆ ಕಾಗದ ಹರಿಯುವುದಿಲ್ಲ. ಮೇಲೆ ಪೆನ್ಸಿಲ್ ಆಡಿಸಿದಾಗ ಆ ಗೀರುಗಳು ಬಿಳಿಯಾಗಿ ಉಳಿಯುತ್ತವೆ. ಚೌಕಕ್ಕೆ ತೊಂದರೆ ಕೊಟ್ಟ ಗುಣವೇ ಇಲ್ಲಿ ಉಪಕಾರಿ. ಉಳಿದ ಕಡೆ ಕೂದಲನ್ನು ಬಿಡಿಸದೆ ಎಳೆಗಳ ನಡುವಿನ ಕತ್ತಲನ್ನು ಬಿಡಿಸಿ. ಬೈತಲೆಯ ಬುಡ ಗಾಢ, ತಲೆಯ ಉಬ್ಬಿನಲ್ಲಿ ಬೆಳಕು, ಮತ್ತೆ ತುರುಬಿನ ಕಡೆ ಗಾಢ.

ಕಿವಿ, ಹೆಗಲು, ಸೀರೆಯ ಅಂಚನ್ನು ಕಣ್ಣಿನಷ್ಟೇ ಸ್ಪಷ್ಟ ಮಾಡಬೇಡಿ. ಫೋಟೊದಲ್ಲಿ ಅವು ಮಸುಕಾಗಿದ್ದರೆ ಮಸುಕಾಗಿಯೇ ಇರಲಿ. ಕಣ್ಣು ಚೂಪು, ಕಿವಿ ಮಸುಕು ಆದಾಗಲೇ ಮುಖಕ್ಕೆ ಹಿಂದು ಮುಂದು ಬರುವುದು. ಹತ್ತಿ ಸೀರೆಯ ನೇಯ್ಗೆಯನ್ನು ಬೆಳಕು ಬಿದ್ದ ಅಂಗೈ ಅಗಲದಲ್ಲಿ ತೋರಿಸಿದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಇಷ್ಟಕ್ಕೆಲ್ಲ 40, 50 ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ದಿನಕ್ಕೆ ಒಂದು, ಎರಡು ಗಂಟೆ ಸಾಕು. ಕಣ್ಣು ದಣಿದಾಗ ಟೋನ್ ತಪ್ಪುತ್ತದೆ. ಎದ್ದು ಹೋಗುವ ಮುಂಚೆ ಚಿತ್ರದ ಒಂದು ಫೋಟೊ ತೆಗೆದು ಮೂಲ ಫೋಟೊದ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಚಿಕ್ಕದಾಗಿ ನೋಡಿ. ಹತ್ತಿರದಿಂದ ಕಾಣದ ದೋಷ ಬೆರಳುದ್ದದ ಚಿತ್ರದಲ್ಲಿ ಕಂಡುಬಿಡುತ್ತದೆ.

ಮಳೆಗಾಲ, ಫಿಕ್ಸೆಟಿವ್, ಫ್ರೇಮ್

ಜೂನ್ ಬಂದರೆ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಕಾಗದವೇ ಶತ್ರು. ತೇವ ಹೀರಿದ ಕಾಗದ ಮೆದುವಾಗಿ, ರಬ್ಬರ್ ಹಾಕಿದಲ್ಲಿ ಜೂಲು ಏಳುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಅರ್ಧ ಆದ ಚಿತ್ರವನ್ನೂ ಹಾಗೇ ಇಡಿ.

ಪುಡಿ ಉದುರದಂತೆ ಫಿಕ್ಸೆಟಿವ್ ಸ್ಪ್ರೇ ಹೊಡೆಯುವುದಿದ್ದರೆ ಒಣ ಬಿಸಿಲಿನ ದಿನಕ್ಕೆ ಕಾಯಿರಿ. ಥಂಡಿ ಗಾಳಿಯಲ್ಲಿ ಹೊಡೆದರೆ ಮೇಲೆ ಬಿಳಿ ಮಸುಕು ಕೂರುವ ಅಪಾಯ ಇದೆ. ಮನೆಯ ಹೊರಗೆ, ಒಂದು ಅಡಿ ದೂರದಿಂದ, ತೆಳುವಾಗಿ ಎರಡು ಸಲ. ಟೋನ್ ಒಂದು ಎಳೆ ಗಾಢವಾಗಬಹುದು, ಮತ್ತು ಅದಾದ ಮೇಲೆ ರಬ್ಬರ್ ಕೆಲಸ ಮಾಡುವುದಿಲ್ಲ. ಹಾಗಾಗಿ ಟೋನ್ ಪಟ್ಟಿಯ ತುಂಡಿನ ಮೇಲೆ ಮೊದಲು ಹೊಡೆದು ನೋಡಿ.

ಫ್ರೇಮ್ ಅಂಗಡಿಯಲ್ಲಿ ಮೌಂಟ್ ಬೋರ್ಡ್, ಅಂದರೆ ಚಿತ್ರಕ್ಕೂ ಗಾಜಿಗೂ ನಡುವೆ ಸುತ್ತಲೂ ಕೂರುವ ದಪ್ಪ ರಟ್ಟಿನ ಚೌಕಟ್ಟು, ಹಾಕಲು ಹೇಳಿ. ಗಾಜು ನೇರವಾಗಿ ಚಿತ್ರಕ್ಕೆ ತಾಗಿದರೆ ಗ್ರಾಫೈಟ್ ಗಾಜಿಗೆ ಅಂಟುತ್ತದೆ, ತೇವವೂ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಮಳೆ ಹೊಡೆಯುವ ಗೋಡೆಗಳು ಒಳಗೂ ಬೆವರುತ್ತವೆ. ಆ ಗೋಡೆ ಬಿಟ್ಟು, ಬಿಸಿಲು ನೇರ ಬೀಳದ ಒಳಗೋಡೆಯ ಮೊಳೆಗೆ ತೂಗುಹಾಕಿ. ಚಿತ್ರವನ್ನು ಊರಾಚೆ ತೋರಿಸುವ ಆಸೆ ಇದ್ದರೆ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಇದೆ. ಮೊದಲ ವರ್ಷ ಸುಮ್ನೆ ನೋಡಲು ಹೋಗಿ. ಪೆನ್ಸಿಲ್ ಕೆಲಸದವರ ಮುಂದೆ ನಿಂತು ಯಾವ ಕಾಗದ, ಯಾವ ಕಪ್ಪು ಅಂತ ಕೇಳಿ. ಕೆಲಸ ಗೊತ್ತಿರುವವರಿಗೆ ಇಂಥ ಪ್ರಶ್ನೆ ಖುಷಿ ಕೊಡುತ್ತದೆ, ಬಿಡಿಸಿ ಹೇಳುತ್ತಾರೆ.